ಗತಿಯ ಮರ್ಮವರಿತ ಭಾಸ್ಕರಾಚಾರ್ಯರು

ಗಣಿತಾಗಸದ ಧ್ರುವತಾರೆಯಂತಿರುವ ಭಾಸ್ಕರಾಚಾರ್ಯರು ಕ್ರಿ.ಶ. 1114ರಲ್ಲಿ ಮಹೇಶ್ವರರ ಸುಪುತ್ರರಾಗಿ ಜನಿಸಿದರು. ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡ ಅವರ ಊರು. ಅದು ನಮ್ಮ ವಿಜಯಪುರವೇ ಎಂಬುದು ಹಲವು ವಿದ್ವಾಂಸರ ಮತ. ತಂದೆಯೇ ಗುರು. 36ರ ಪ್ರಾಯದಲ್ಲಿ, 1150ರಲ್ಲಿ, ಅವರು ಸಿದ್ಧಾಂತ ಶಿರೋಮಣಿಯನ್ನು ರಚಿಸಿದರು.

ಚಂದ್ರನ ಗತಿ ಕ್ಷಣಕ್ಷಣಕ್ಕೂ ಭಿನ್ನವಾದುದು. ಇಂದಿನ ಹಾಗೂ ನಾಳಿನ ಸ್ಥಾನಗಳ ಅಂತರದಿಂದ ದೊರೆಯುವ ದಿನಗತಿ ಸ್ಥೂಲ; ಅದನ್ನೇ ನಂಬಿದರೆ ತಿಥ್ಯಂತ್ಯದ ಗಣನೆ ತಪ್ಪುತ್ತದೆ. ಆದುದರಿಂದ ಆಚಾರ್ಯರು ಕೋಟಿಜ್ಯೆಯ ನೆರವಿನಿಂದ ತಾತ್ಕಾಲಿಕ ಗತಿಯನ್ನು ಸಾಧಿಸಿದರು. ಕಲನಶಾಸ್ತ್ರದ ಬೀಜವು ಇಲ್ಲಿದೆ. ವೇಗದ ಸೂತ್ರದಿಂದ ಆದಿ ಮತ್ತು ಅಂತ್ಯ ಕ್ಷಣಗಳ ವೇಗಗಳನ್ನು ಪಡೆದು, ಅವುಗಳ ಅಂತರವನ್ನು ಕಾಲದಿಂದ ಭಾಗಿಸಿ ಸರಾಸರಿ ವೇಗೋತ್ಕರ್ಷವನ್ನು ಕಾಣುವ, ಬಳಿಕ ಒಂದೇ ಕ್ಷಣದ ವೇಗೋತ್ಕರ್ಷವನ್ನು ಅರಸುವ ಇಂದಿನ ವಿದ್ಯಾರ್ಥಿಯೂ ಸ್ಥೂಲಸೂಕ್ಷ್ಮಗಳ ಈ ವಿವೇಕವನ್ನೇ ಅಭ್ಯಸಿಸುತ್ತಾನೆ.

ಗ್ರಂಥವು ಬಾಳಬೇಕಾದರೆ ಓದುವವರು ಬೇಕು. ಯಾದವ ಸಿಂಘಣನ ಜ್ಯೋತಿಷಿಯಾಗಿದ್ದ ಮೊಮ್ಮಗ ಚಾಂಗದೇವನು ಅಜ್ಜನ ಕೃತಿಗಳ ಅಧ್ಯಯನಕ್ಕಾಗಿಯೇ ಮಠವೊಂದನ್ನು ಸ್ಥಾಪಿಸಿದನು. ನಿಕುಂಭ ವಂಶದ ಸೋಯಿದೇವನು 1207ರಲ್ಲಿ ಅದಕ್ಕೆ ದತ್ತಿ ಬಿಟ್ಟನು. ಚಾಳೀಸಗಾಂವ್ ಬಳಿಯ ಪಾಟಣದ ಶಾಸನವು ಇದಕ್ಕೆ ಸಾಕ್ಷಿ. ಗುರುವಿನ ಅರಿವು, ಮಠದ ಆಶ್ರಯ, ದಾನಿಯ ಔದಾರ್ಯ ಕೂಡಿದಲ್ಲಿ ವಿದ್ಯೆಯು ತಲೆಮಾರುಗಳನ್ನು ದಾಟುತ್ತದೆ.