ಕೈ ತೊಳೆಯಲು ಹೇಳಿ ಕೆಲಸ ಕಳೆದುಕೊಂಡ ಡಾಕ್ಟರ್ ಸೆಮ್ಮೆಲ್‌ವೈಸ್

ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಚಳಿ, ಜ್ವರ, ಹೊಟ್ಟೆನೋವು, ಬಡಬಡಿಕೆ, ಕೊನೆಗೆ ಸಾವು. ಬಾಣಂತಿ ಜ್ವರ ಎಂದರೆ ಏನೆಂದು ಹಳ್ಳಿಯ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಸುಮಾರು 175 ವರ್ಷಗಳ ಹಿಂದೆ ಯುರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ಈ ಕಾಯಿಲೆ ತಾಯಂದಿರನ್ನು ಸಾಲುಸಾಲಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ಅದನ್ನು ತಡೆದದ್ದು ಹೊಸ ಔಷಧಿಯಲ್ಲ, ವೈದ್ಯರ ಒಂದು ಅಭ್ಯಾಸವನ್ನು ಬದಲಿಸಿದ ನಿಯಮ. ಆ ನಿಯಮ ತಂದವರು ಇಗ್ನಾಜ್ ಸೆಮ್ಮೆಲ್‌ವೈಸ್.

ಅವರು ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾ ಪಟ್ಟಣದಲ್ಲಿ. ನದಿಯ ಆಚೆಯ ಪೆಸ್ಟ್ ಪಟ್ಟಣದೊಂದಿಗೆ ಸೇರಿ ಅದು ಬುಡಾಪೆಸ್ಟ್ ಆದದ್ದು 1873ರಲ್ಲಿ. ತಂದೆ ಕಿರಾಣಿ ವ್ಯಾಪಾರಿ, ಮನೆಯಲ್ಲಿ ಹತ್ತು ಮಕ್ಕಳು. ಮನೆಮಾತು ಜರ್ಮನ್‌ನ ಒಂದು ಆಡುನುಡಿ, ನಾಡಿನದು ಹಂಗೇರಿಯನ್. ಎರಡು ಭಾಷೆಗಳ ನಡುವೆ ಬೆಳೆದ ಈ ಹುಡುಗನಿಗೆ ಬರೆಯುವುದೆಂದರೆ ಅಳುಕು. ಮುಂದೆ ಇದೇ ಅಳುಕು ಅವರಿಗೆ ದುಬಾರಿಯಾಯಿತು ಎಂದು ಅವರ ಜೀವನ ಚರಿತ್ರೆ ಬರೆದ ಕೆಲವರು ಹೇಳುತ್ತಾರೆ. ಗಡಿನಾಡಿನ ಓದುಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ವಕೀಲಿ ಓದಲು 1837ರಲ್ಲಿ ವಿಯೆನ್ನಾಕ್ಕೆ ಹೋದವರು ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. 1844ರಲ್ಲಿ ಪದವಿ ಪಡೆದು, 1846ರ ಜುಲೈಯಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯ ಒಂದನೇ ಹೆರಿಗೆ ವಿಭಾಗಕ್ಕೆ ಸಹಾಯಕ ವೈದ್ಯರಾಗಿ ಸೇರಿದರು. ಮೇಲಧಿಕಾರಿ ಪ್ರೊಫೆಸರ್ ಯೊಹಾನ್ ಕ್ಲೈನ್.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ ತರಬೇತಿ. ಬಡ ಹೆಂಗಸರು ದಿನ ಬಿಟ್ಟು ದಿನ ಒಂದೊಂದು ವಿಭಾಗಕ್ಕೆ ಸೇರ್ಪಡೆಯಾಗುತ್ತಿದ್ದರು. 1841ರಿಂದ 1846ರ ತನಕ ಒಂದನೇ ವಿಭಾಗದಲ್ಲಿ 20,042 ಹೆರಿಗೆಗಳಲ್ಲಿ 1,989 ತಾಯಂದಿರು ಸತ್ತರು, ಅಂದರೆ ನೂರಕ್ಕೆ ಹತ್ತು. ಎರಡನೆಯದರಲ್ಲಿ 17,791ರಲ್ಲಿ 691, ನೂರಕ್ಕೆ ನಾಲ್ಕೂ ಇಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಒಂದನೇ ವಿಭಾಗದ ಸರದಿಯ ದಿನ ಬಂದ ಬಸುರಿಯರು ಕಾಲಿಗೆ ಬಿದ್ದು ಎರಡನೆಯದಕ್ಕೆ ಸೇರಿಸಿ ಎಂದು ಅಳುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗಂತೂ ಈ ಜ್ವರ ಬರುವುದೇ ಅಪರೂಪವಾಗಿತ್ತು!

ಗಾಳಿ ಕೆಟ್ಟದ್ದು, ಹವಾಮಾನ ಸರಿಯಿಲ್ಲ ಎಂಬುದು ಅಂದಿನ ಪಂಡಿತರ ಉತ್ತರ. ಒಂದೇ ಕಟ್ಟಡದ ಎರಡು ವಿಭಾಗಗಳಿಗೆ ಬೇರೆ ಬೇರೆ ಹವಾಮಾನ ಹೇಗೆ ಇದ್ದೀತು? ಸೆಮ್ಮೆಲ್‌ವೈಸ್ ಎರಡೂ ಕಡೆ ನಡೆಯುವ ಪ್ರತಿಯೊಂದು ಕೆಲಸವನ್ನೂ ಹೋಲಿಸತೊಡಗಿದರು. ನೂಕುನುಗ್ಗಲು ಹೆಚ್ಚಿದ್ದದ್ದು ಎರಡನೆಯದರಲ್ಲೇ. ಎರಡನೆಯದರಲ್ಲಿ ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸುತ್ತಿದ್ದರು, ಇಲ್ಲಿಯೂ ಹಾಗೆಯೇ ಮಾಡಿಸಿದರು, ಸಾವು ಇಳಿಯಲಿಲ್ಲ. ಸಾಯುವವರ ಬಳಿಗೆ ಪಾದ್ರಿ ಗಂಟೆ ಬಾರಿಸುತ್ತ ವಾರ್ಡಿನ ಮೂಲಕವೇ ಹೋಗುತ್ತಿದ್ದುದರಿಂದ ಬಾಣಂತಿಯರು ಹೆದರಿ ಸಾಯುತ್ತಾರೆಂಬ ಮಾತಿತ್ತು. ಪಾದ್ರಿಯನ್ನು ಬೇರೆ ದಾರಿಯಲ್ಲಿ, ಗಂಟೆಯಿಲ್ಲದೆ ಬರಹೇಳಿದರು. ಆಗಲೂ ಇಳಿಯಲಿಲ್ಲ. ಜನ ಏನು ಮಾಡುತ್ತಾರೆ ಎಂದು ನೋಡುವುದು, ಒಂದನ್ನು ಮಾತ್ರ ಬದಲಿಸುವುದು, ಆಮೇಲೆ ಎಣಿಸುವುದು: ವರ್ತನೆಯ ವಿಶ್ಲೇಷಣೆ ಎಂದು ಈಗ ದೊಡ್ಡ ಹೆಸರಿನಿಂದ ಕರೆಯುವ ಕೆಲಸದ ಬುಡ ಇದೇ.

1847ರ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು, ಅದೂ ಗೆಳೆಯನ ಸಾವಿನ ರೂಪದಲ್ಲಿ. ಪ್ರೊಫೆಸರ್ ಯಾಕೋಬ್ ಕೊಲೆಚ್ಕಾ ಅವರ ಬೆರಳಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ತಾಗಿ, ನಂಜೇರಿ ತೀರಿಕೊಂಡರು. ಆಗ ವೆನಿಸ್‌ಗೆ ಹೋಗಿದ್ದ ಸೆಮ್ಮೆಲ್‌ವೈಸ್ ಮರಳಿ ಬಂದು ಅವರ ಶವಪರೀಕ್ಷೆಯ ವರದಿ ಓದಿದರೆ, ಅದು ಬಾಣಂತಿಯರ ವರದಿಯಂತೆಯೇ ಇತ್ತು. ವಿದ್ಯಾರ್ಥಿಗಳೂ ವೈದ್ಯರೂ ಬೆಳಿಗ್ಗೆ ಹೆಣ ಕೊಯ್ದು ನೇರ ಹೆರಿಗೆ ವಾರ್ಡಿಗೆ ಬಂದು ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ತಾಯಂದಿರಿಗೆ ಸಾವನ್ನು ಹೊತ್ತು ತರುತ್ತಿದ್ದುದು ವೈದ್ಯರ ಕೈ. ಅದರಲ್ಲಿ ಸೆಮ್ಮೆಲ್‌ವೈಸರ ಕೈಯೂ ಸೇರಿತ್ತು. ಎಷ್ಟು ಮಂದಿಯನ್ನು ತಾನೇ ಕೊಂದೆನೋ ಎಂಬ ಕೊರಗು ಅವರನ್ನು ಕೊನೆಯ ತನಕ ಬಿಡಲಿಲ್ಲ.

ಸೋಪಿನಲ್ಲಿ ತೊಳೆದರೂ ಹೆಣದ ವಾಸನೆ ಹೋಗುತ್ತಿರಲಿಲ್ಲ. ಆ ವಾಸನೆ ತೆಗೆಯುವುದು ಕ್ಲೋರಿನ್. ಮೇ ಮಧ್ಯದಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಯಾರೂ ವಾರ್ಡಿಗೆ ಕಾಲಿಡಬಾರದೆಂದು ನಿಯಮವಾಯಿತು. ಅದು ದುಬಾರಿಯೆಂದು ಸ್ವಲ್ಪ ದಿನಕ್ಕೆ ಅಗ್ಗದ ಕ್ಲೋರಿನ್ ಸುಣ್ಣ ಬಂತು. ನಮ್ಮ ಊರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಎಂದರೆ ಇದೇ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2.2, ಜುಲೈಯಲ್ಲಿ 1.2ಕ್ಕೆ ಇಳಿಯಿತು.

ಅಕ್ಟೋಬರಿನಲ್ಲಿ ಮತ್ತೆ ಪೆಟ್ಟು. ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬಾಕೆಯನ್ನು ಮೊದಲು ಪರೀಕ್ಷಿಸಿ, ಅದೇ ಕೈಯಲ್ಲಿ ಉಳಿದವರನ್ನು ಮುಟ್ಟಿದ್ದರಿಂದ 12 ಜನರಲ್ಲಿ 11 ಮಂದಿ ಸತ್ತರು. ನಂಜು ಹೆಣದಿಂದ ಮಾತ್ರವಲ್ಲ, ಬದುಕಿರುವವರಿಂದಲೂ ಬರುತ್ತದೆಂದು ತಿಳಿಯಿತು. ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಕೈ ತೊಳೆಯಬೇಕೆಂದು ನಿಯಮವನ್ನೇ ತಿದ್ದಿದರು. 1848ರಲ್ಲಿ ಒಂದನೇ ವಿಭಾಗದ ಸಾವು ನೂರಕ್ಕೆ 1.27, ಎರಡನೆಯದರಲ್ಲಿ 1.33. ಆ ವರ್ಷದ ಎರಡು ತಿಂಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಇಷ್ಟಾದರೂ 1849ರಲ್ಲಿ ಅವರ ನೇಮಕ ಮುಂದುವರಿಯಲಿಲ್ಲ. ಕ್ಲೈನ್ ಅವರಿಗೆ ಈ ಮಾತು ರುಚಿಸಿರಲಿಲ್ಲ. ಹಿಂದಿನ ವರ್ಷದ ಕ್ರಾಂತಿಯ ಬಿಸಿಯೂ ಆರಿರಲಿಲ್ಲ. ನಿಜ ಹೇಳಬೇಕೆಂದರೆ ಸೆಮ್ಮೆಲ್‌ವೈಸ್ ಕಡೆಯಿಂದಲೂ ಲೋಪವಿತ್ತು. ಇಷ್ಟು ದೊಡ್ಡ ಸಂಗತಿಯನ್ನು ಅವರು ಬರೆದು ಪ್ರಕಟಿಸಲಿಲ್ಲ, ಗೆಳೆಯರೇ ಅವರ ಪರವಾಗಿ ಬರೆದರು. 1850ರಲ್ಲಿ ವಿಯೆನ್ನಾ ವೈದ್ಯರ ಸಂಘದಲ್ಲಿ ಉಪನ್ಯಾಸ ಕೊಟ್ಟು, ಅದೇ ವರ್ಷ ಗೆಳೆಯರಿಗೂ ಹೇಳದೆ ಪೆಸ್ಟ್‌ಗೆ ಹೊರಟುಹೋದರು.

ಪೆಸ್ಟ್‌ನ ಸೇಂಟ್ ರೋಕುಸ್ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದರು. 933 ಹೆರಿಗೆಗಳಲ್ಲಿ ಬಾಣಂತಿ ಜ್ವರಕ್ಕೆ ಸತ್ತವರು 8 ಮಂದಿ ಮಾತ್ರ. 1855ರಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ಅಲ್ಲಿ ಮೊದಲ ವರ್ಷ ಇಳಿದಿದ್ದ ಸಾವು ಆಮೇಲೆ ಮತ್ತೆ ಏರಿತು. ಕಾರಣ ಕೈಯಲ್ಲ, ಹಾಸಿಗೆ ಬಟ್ಟೆ. ಬಟ್ಟೆ ಒಗೆಯುವ ಗುತ್ತಿಗೆ ಕಡಿಮೆ ದರದವರಿಗೆ ಹೋಗಿ, ರಕ್ತದ ಕಲೆಯಿದ್ದ ಬಟ್ಟೆಗಳೇ ಮರಳಿ ಬರುತ್ತಿದ್ದವು. ಇದಕ್ಕಾಗಿ ಅವರು ಅಧಿಕಾರಿಗಳೊಂದಿಗೆ ಜಗಳಕ್ಕೇ ನಿಂತರು. ವಾರ್ಡಿನ ಒಬ್ಬರು ಎಷ್ಟು ತೊಳೆದರೂ ಕಚೇರಿಯ ಒಂದು ಸಹಿ ಎಲ್ಲವನ್ನೂ ಹಾಳುಮಾಡುತ್ತಿತ್ತು.

1857ರಲ್ಲಿ ಮಾರಿಯಾ ವೈಡೆನ್‌ಹೋಫರ್ ಅವರನ್ನು ಮದುವೆಯಾದರು, ಐವರು ಮಕ್ಕಳಾದರು. ಕೊನೆಗೂ 1861ರಲ್ಲಿ ಪುಸ್ತಕ ಬಂತು. ದಪ್ಪ ಪುಸ್ತಕ, ಹೇಳಿದ್ದನ್ನೇ ಹೇಳುವ ಬರಹ, ಅಂಕಿಅಂಶಗಳ ನಡುವೆ ಎದುರಾಳಿಗಳ ಮೇಲೆ ಸಿಟ್ಟು. ಯುರೋಪಿನ ದೊಡ್ಡ ವೈದ್ಯರು ಒಪ್ಪದಿದ್ದಾಗ ಬಹಿರಂಗ ಪತ್ರಗಳನ್ನು ಬರೆದು ಅವರನ್ನು ಕೊಲೆಗಾರರೆಂದೇ ಕರೆದರು. ತನ್ನ ಕಣ್ಣೆದುರಿನ ವಿದ್ಯಾರ್ಥಿಗಳ ಕೈಯನ್ನು ತೊಳೆಸಲು ಅವರಿಗೆ ಗೊತ್ತಿತ್ತು. ದೂರದ ಊರಿನ, ಮಾನವಂತ, ವಯಸ್ಸಾದ ಪ್ರೊಫೆಸರ್‌ನ ಕೈಯನ್ನು ತೊಳೆಸುವ ದಾರಿ ಗೊತ್ತಿರಲಿಲ್ಲ. ಕೊಲೆಗಾರ ಎನಿಸಿಕೊಂಡವನು ಕೈ ತೊಳೆದರೆ ಕೊಲೆಯನ್ನು ಒಪ್ಪಿಕೊಂಡಂತೆ ಆಗುತ್ತದಲ್ಲವೆ?

ಆಮೇಲೆ ಅವರ ಮನಸ್ಸು ಸ್ಥಿಮಿತ ಕಳೆದುಕೊಂಡಿತು. 1865ರ ಜುಲೈ ಕೊನೆಯಲ್ಲಿ ವಿಯೆನ್ನಾದ ಹುಚ್ಚಾಸ್ಪತ್ರೆಗೆ ಉಪಾಯದಿಂದ ಕರೆದೊಯ್ದು ಬಿಟ್ಟರು. ಕಾವಲುಗಾರರು ಹೊಡೆದರೆಂದು ಸಂಶೋಧಕರು ಹೇಳುತ್ತಾರೆ. ಕೈಯಲ್ಲಿದ್ದ ಗಾಯ ಕೊಳೆತು ನಂಜೇರಿ ಆಗಸ್ಟ್ 13ರಂದು, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅದರ ಹಿಂದಿನ ದಿನವೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಒಬ್ಬ ಹುಡುಗನ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಹಚ್ಚಿ, ನಂಜು ತಡೆಯುವ ಹೊಸ ಪ್ರಯೋಗ ಆರಂಭಿಸಿದ್ದರು. ಬಾಣಂತಿ ಜ್ವರದ ರೋಗಾಣುವನ್ನು 1879ರಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟರು. ಇಂದು ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೆಮ್ಮೆಲ್‌ವೈಸರ ಹೆಸರಿದೆ, ಅವರು ಹುಟ್ಟಿದ ಮನೆ ಮ್ಯೂಸಿಯಂ ಆಗಿದೆ.

ಕೈ ತೊಳೆಸುವ ಕೆಲಸ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1994ರ ಕೊನೆಗೆ ಸ್ವಿಟ್ಜರ್ಲೆಂಡಿನ ಜಿನೀವಾದ ಆಸ್ಪತ್ರೆಯಲ್ಲಿ ಡಿಡಿಯೆ ಪಿಟೆ ಎಂಬ ವೈದ್ಯರ ತಂಡ ಬೈಯುವುದನ್ನು ಬಿಟ್ಟು ನೋಡತೊಡಗಿತು. ಸಿಬ್ಬಂದಿ ಎಷ್ಟು ಬಾರಿ ಕೈ ತೊಳೆಯಬೇಕು, ಎಷ್ಟು ಬಾರಿ ತೊಳೆಯುತ್ತಾರೆ ಎಂದು ಬರೆದುಕೊಂಡಿತು. ಮಂಚದ ಪಕ್ಕದಲ್ಲೇ ಕೈಗೆ ಉಜ್ಜುವ ದ್ರಾವಣದ ಬಾಟಲಿ ಇಟ್ಟಿತು, ಎಣಿಕೆಯ ಫಲಿತಾಂಶವನ್ನು ಅವರಿಗೇ ತಿಳಿಸಿತು. 1997ರ ಹೊತ್ತಿಗೆ ನೂರಕ್ಕೆ 48 ಇದ್ದದ್ದು 66 ಆಯಿತು, ಆಸ್ಪತ್ರೆಯಲ್ಲಿ ತಗಲುವ ಸೋಂಕೂ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಹಿಂದೆ ಈ ಅನುಭವವಿದೆ. ಜಿನೀವಾದಲ್ಲಿ ಸುಧಾರಿಸಿದವರು ನರ್ಸುಗಳು ಮತ್ತು ಅವರ ಸಹಾಯಕರು. ವೈದ್ಯರ ಲೆಕ್ಕ ಮಾತ್ರ ಕೊನೆಯ ತನಕ ಕೆಳಗೇ ಉಳಿಯಿತು.