ಒಕ್ಕಲಿಗ ಮುದ್ದಣ್ಣ: ನೇಗಿಲು ಹಿಡಿದ ಶರಣ

12ನೆಯ ಶತಮಾನದ ಶರಣ ಒಕ್ಕಲಿಗ ಮುದ್ದಣ್ಣನವರ ಊರು ಜೋಳದಹಾಳು, ಕಾಯಕ ಬೇಸಾಯ. ದುಡಿದು ಬೆಳೆದುದನ್ನು ಮನೆಗಷ್ಟೇ ಇರಿಸಿಕೊಳ್ಳದೆ ಜಂಗಮ ದಾಸೋಹಕ್ಕೆ ಸಲ್ಲಿಸಿದರು. ಕಾಮಭೀಮ ಜೀವಧನದೊಡೆಯ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ದೇಹವನ್ನು ಹೊಲವೆಂದೂ ನಂಬುಗೆಯನ್ನು ಫಸಲೆಂದೂ ಕಂಡ ಅವರು, ಅರಿವನ್ನು ತಿಳಿಸಲು ಉಳುವ ನೆಲದ ಮಾತುಗಳನ್ನೇ ಬಳಸಿದರು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ತಲೆಮಾರುಗಳಿಂದ ಎರೆಹೊಲವನ್ನು ಉತ್ತು, ದನಕರುಗಳನ್ನು ಸಾಕಿದ ಮನೆತನಗಳಿವೆ. ಪೂರ್ವ ಬಂಗಾಳದಲ್ಲಿ ನೆಲೆ ಕಳೆದುಕೊಂಡು ಬಂದು, ಆರ್.ಎಚ್. ಕ್ಯಾಂಪಿನಲ್ಲಿ ಭತ್ತ ಬೆಳೆದು ಬದುಕು ಕಟ್ಟಿದ ಕುಟುಂಬಗಳೂ ಇವೆ. ಕುಲವನ್ನು ಕೇಳದೆ ಕಾಯಕಕ್ಕೆ ಮಾನ ಸಲ್ಲಿಸುವುದು ಶರಣರ ಮಾರ್ಗ. ಮೊದಲಿನಿಂದ ಇದ್ದವರನ್ನೂ ಆಮೇಲೆ ಬಂದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಗೌರವಿಸಿದಾಗ ಮಾತ್ರ ನಾವು ಮುದ್ದಣ್ಣನವರನ್ನು ಸ್ಮರಿಸಲು ಅರ್ಹರಾಗುತ್ತೇವೆ.