ಹಾವಿನ ಹೊಟ್ಟೆಯೊಳಗೆ ನೋಡಿದ ಅರಸ್ತು

ನಮ್ಮ ಮನೆಯಲ್ಲಿ ಅರಿಸ್ಟಾಟಲ್ ಅವರನ್ನು ಅರಸ್ತು ಎನ್ನುತ್ತಾರೆ. ಅವರು ತತ್ವಜ್ಞಾನಿ ಎಂದಷ್ಟೇ ನನಗೆ ಗೊತ್ತಿತ್ತು; ಹಾವುಗಳ ಬಗ್ಗೆಯೂ ಬರೆದಿದ್ದಾರೆ ಎಂದು ಈಚೆಗೆ ತಿಳಿಯಿತು.

ಅವರು ಕ್ರಿ.ಪೂ. 384ರಲ್ಲಿ ಗ್ರೀಸಿನ ಸ್ಟಗಿರಾದಲ್ಲಿ ಹುಟ್ಟಿದರು. ತಂದೆ ರಾಜವೈದ್ಯರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹದಿನೇಳನೇ ವಯಸ್ಸಿನಲ್ಲಿ, ಅಂದರೆ ನನ್ನ ವಯಸ್ಸಿನಲ್ಲಿ, ಅರಸ್ತು ಅಥೆನ್ಸಿಗೆ ಹೋಗಿ ಪ್ಲೇಟೋ ಅವರ ಬಳಿ ಸುಮಾರು 20 ವರ್ಷ ಕಲಿತರು. ಗುರು ತೀರಿಕೊಂಡ ಮೇಲೆ ಲೆಸ್ಬಾಸ್ ದ್ವೀಪದಲ್ಲಿ ಪ್ರಾಣಿಗಳನ್ನು ಪರೀಕ್ಷಿಸಿದರು. ನಂತರ ಅಲೆಕ್ಸಾಂಡರನಿಗೆ ಗುರುವಾದರು.

ವೈಪರ್ ಹಾವು ಮರಿ ಹಾಕುತ್ತದೆ. ಆದರೆ ಅದರ ಹೊಟ್ಟೆಯೊಳಗೆ ಮೊದಲು ಮೆತ್ತನೆ ಸಿಪ್ಪೆಯ ಮೊಟ್ಟೆಗಳಿರುತ್ತವೆ, ಮರಿಗಳು ತೆಳುವಾದ ಪೊರೆಯಲ್ಲಿ ಸುತ್ತಿಕೊಂಡು ಹೊರಬರುತ್ತವೆ ಎಂದು ಅವರು ಬರೆದರು. ಈ ಮರಿಗಳಿಗೆ ಮುಖ್ಯ ಆಹಾರ ಮೊಟ್ಟೆಯ ಹಳದಿ ಭಾಗ. ನೀರು, ಆಮ್ಲಜನಕ ತಾಯಿಯಿಂದ ಸಿಗುತ್ತವೆ. ನಮ್ಮ ಕೊಳಕು ಮಂಡಲವೂ ಹೀಗೆಯೇ ಮರಿ ಹಾಕುತ್ತದೆ.

ಅರಸ್ತು ಕ್ರಿ.ಪೂ. 322ರಲ್ಲಿ ತೀರಿಕೊಂಡರು. ಅವರ ಪ್ರಾಣಿಗ್ರಂಥಗಳು ಅರಬ್ಬಿಗೆ ಅನುವಾದವಾದವು. ಇಬ್ನ್ ಸೀನಾ ಅವುಗಳನ್ನು ಓದಿ ತಾವೂ ಪ್ರಾಣಿಗಳ ಬಗ್ಗೆ ಬರೆದರು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. 1891ರಲ್ಲಿ ಇಟಲಿಯ ಜಾಕೊಮಿನಿ, ಮರಿ ಹಾಕುವ ಒಂದು ಜಾತಿಯ ಹಲ್ಲಿಯಲ್ಲಿ ಮಾಸು ಇರುವುದನ್ನು ವಿವರಿಸಿದರು. ಅದರ ಮರಿಗಳಿಗೆ ಹೆಚ್ಚಿನ ಆಹಾರ ತಾಯಿಯಿಂದಲೇ ಬರುತ್ತದೆ.

ವೋಚರ್ ನೋಡದೆ ಎಂಟ್ರಿ ಹಾಕಬಾರದು ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸುತ್ತಾರೆ. ಅರಸ್ತು ಮಾಡಿದ್ದೂ ಅದನ್ನೇ. ನಾನು ಮಾತ್ರ ಗೈಡ್ ನೋಡಿ ಬರೆಯುತ್ತಿದ್ದೆ. ಇನ್ನು ಮೇಲೆ ನಾನೇ ನೋಡಿ ಬರೆಯಬೇಕು.